ಎರಡು ಡಿಸ್ಕಿನ ನಡುವಿನ ಬದು

ಗೆಳೆಯರೇ, ಇವತ್ತು ಹೊಳೆನರಸೀಪುರದಲ್ಲಿ ನಾನು ಕೆಲಸ ಮಾಡುವ ಫೋಟೋ ಸ್ಟುಡಿಯೋದ ಕಂಪ್ಯೂಟರಿನ ಡಿಸ್ಕು ತುಂಬಿಹೋಯಿತು. ಮಾಲೀಕರು ಅಣ್ಣ ತಮ್ಮಂದಿರು. "ಹಳೇ ಮದ್ವೆ ಫೋಟೋ ಎಲ್ಲಾ ಅಳಿಸಾಕಯ್ಯ" ಎಂದರು ಅಣ್ಣ.

ಆ ಸಾವಿರಾರು ಫೋಟೋಗಳಲ್ಲಿ ಎಲ್ಲೋ ಒಂದರಲ್ಲಿ, ಯಾರದೋ ಮದುವೆಯ ಊಟದ ಪಂಕ್ತಿಯಲ್ಲಿ ನನ್ನ ಹೆಂಡತಿ ನಗುತ್ತಾ ಕೂತಿದ್ದಾಳೆ. ಅವಳು ತೀರಿಕೊಂಡಾಗಿನಿಂದ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ.

ತಮ್ಮ ತಂದ ಹೊಸ ಡಿಸ್ಕು ಮೇಜಿನ ಮೇಲಿತ್ತು. "ಈ ಕಂಪ್ಯೂಟ್ರಲ್ಲಿರೋ ಲಿನಕ್ಸ್‌ನಲ್ಲಿ ಎರಡನ್ನೂ ಸೇರಿಸಿ ಒಂದೇ ಜಾಗ ಮಾಡಬೋದು ಸಾ, ಏನೂ ಅಳಿಸೋದು ಬ್ಯಾಡ" ಎಂದೆ.

"ನಡುವೆ ಬದು ಎಲ್ಲಿ ಬತ್ತದೆ?" ಎಂದರು ತಮ್ಮ.

"ಬದು ಇರಲ್ಲ ಸಾ. ಎರಡೂ ಒಂದೇ ಹೊಲ ಆದಂಗೆ."

"ಅಂಗಾರೆ ಬ್ಯಾಡ. ನನ್ ಡಿಸ್ಕಲ್ಲಿ ಅಣ್ಣ ಉಳಾಕೆ ನಾನ್ಯಾಕ್ ಬುಡ್ಲಿ?"

"ನಿನ್ ಡಿಸ್ಕು ಯಾವನಿಗ್ಬೇಕು ಓಗ್ಲಾ!"

ಜಗಳ ಏರುವುದರಲ್ಲಿತ್ತು. ನಾನು ಮೆಲ್ಲಗೆ ಕೇಳಿದೆ: "ಸೇರ್ಸಿದ್ದಕ್ಕೆ ಒಂದು ಹೆಸರು ಕೊಡ್ಬೇಕು ಸಾ. ಏನಂತ ಇಡ್ಲಿ?"

"ಅಪ್ಪಂದೇ ಇಡು" ಎಂದು ಇಬ್ಬರೂ ಒಟ್ಟಿಗೆ ಹೇಳಿಬಿಟ್ಟರು. ಅವರು ಮನಸ್ಸು ಬದಲಿಸುವ ಮೊದಲೇ ಸೇರಿಸಿದೆ. ಒಂದು ಫೋಟೋವೂ ಹೋಗಲಿಲ್ಲ.

ನಾಳೆ ಇಬ್ಬರೂ ಅದೇ ಅಪ್ಪನ ತೋಟದ ಪಾಲಿನ ಕೇಸಿಗೆಂದು ಹಾಸನದ ಕೋರ್ಟಿಗೆ ಹೋಗುತ್ತಾರೆ. ಸ್ಟುಡಿಯೋದಲ್ಲಿ ಇಡೀ ದಿನ ನಾನೊಬ್ಬನೇ ಕೂತು ಹುಡುಕಬಹುದು. ಕೇಸು ಬೇಗ ಮುಗಿಯದಿರಲಿ.