ಅಮೋಸನ ಗುಟ್ಟಿನ ದಾರಿ

ಬೆಟ್ಟದ ಕುರಿಗಾವಲುಗಳಿಗೆ ಕಲ್ಲುಗೋಡೆ ಕಟ್ಟುವ ಅಮೋಸ್ ಐವ್ಸನ್‌ನಷ್ಟು ಅನುಮಾನದ ಮನುಷ್ಯ ಇಡೀ ಯಾರ್ಕ್‌ಶೈರ್‌ನಲ್ಲಿ ಇರಲಿಲ್ಲ. ತನ್ನ ನೆರಳು ಹಿಂದೆ ಬಂದರೂ ನಿಂತು, ಅದು ಮುಂದೆ ಹೋಗಲಿ ಎಂದು ಕಾಯುವವನು. ಅವನ ನಾಯಿ ಬಾಲ ಅಲ್ಲಾಡಿಸುವ ಮೊದಲು ಕಾರಣ ಹೇಳಬೇಕಿತ್ತು.

ಜನವರಿಯ ಬೆಟ್ಟದೋಟ ಬಂತೆಂದರೆ ಈ ರೋಗ ಉಲ್ಬಣಿಸುತ್ತಿತ್ತು. ಸ್ಕಾರ್‌ಬೆಕ್ ಪಬ್‌ನ ಬಾಗಿಲಿಂದ ಹೊರಟು, ಗ್ರೇಮೂರ್ ನೆತ್ತಿಯ ಕಲ್ಲುಗುಪ್ಪೆ ಮುಟ್ಟಿ, ಮತ್ತೆ ಪಬ್‌ಗೆ ಬರಬೇಕು; ದಾರಿ ಅವರವರ ಇಷ್ಟ. ಆದ್ದರಿಂದ ಪ್ರತಿಯೊಬ್ಬರಿಗೂ ಒಂದು ಗುಟ್ಟಿನ ದಾರಿ. ಅಮೋಸನದ್ದು ಅವನಪ್ಪ ಸಾಯುವ ಹೊತ್ತಿಗೆ, ಪಾದ್ರಿಯನ್ನೂ ಹೊರಗೆ ಕಳಿಸಿ, ಕಿವಿಯಲ್ಲಿ ಉಸುರಿದ್ದು.

ಅರವತ್ತು ದಾಟಿದವರಲ್ಲಿ ಮೊದಲು ಬಂದವರಿಗೆ ಟಗರಿನ ಕೊಂಬಿನ ಹಿಡಿ ಇರುವ ಕುರುಬರ ಕೋಲು. ಸತತ ಮೂರು ವರ್ಷ ಗೆದ್ದರೆ ಅದು ಕಾಯಂ. ಅಮೋಸ್ ಹಿಂದಿನ ಎರಡು ವರ್ಷವೂ ಗೆದ್ದಿದ್ದ. ಮಂಡಿ ಮಾತ್ರ, ಇದೇ ಕೊನೆ ಎಂದು ಪ್ರತಿ ಮೆಟ್ಟಿಲಲ್ಲೂ ಕಿರುಚುತ್ತಿತ್ತು.

ಆ ವರ್ಷ ಹಿಮ ಬಿತ್ತು. ಕುರಿಗಳು ಕೊಟ್ಟ ಉಣ್ಣೆಯನ್ನು ವಾಪಸ್ ಕೇಳುವಂಥ ಚಳಿ. ಹಿಮ ಎಂದರೆ ಹೆಜ್ಜೆ ಗುರುತು. ಹೆಜ್ಜೆ ಗುರುತೆಂದರೆ ಗುಟ್ಟು ರಟ್ಟು. ಸದಾ ಬೆನ್ನಿಗೇ ಓಡುವ ಮಾಜಿ ಪೋಸ್ಟ್‌ಮ್ಯಾನ್ ಕ್ಲೆಮ್ ಪೀಕಾಕ್ ಬಿಡುತ್ತಾನೆಯೆ?

ಓಟದ ಹಿಂದಿನ ಸಂಜೆ ಅಮೋಸ್ ಹಳೆಯ ಶೂ ಹಾಕಿಕೊಂಡು ಹೊರಟ.

“ಎಲ್ಲಿಗೆ?” ಎಂದಳು ಹೆಂಡತಿ ಹಿಲ್ಡಾ.

“ಕುರಿ ನೋಡೋಕೆ.”

“ನಮ್ಮ ಹತ್ರ ಕುರಿ ಎಲ್ಲಿದೆ?”

“ಬೇರೆಯವರ ಕುರಿ ನೋಡ್ಬಾರ್ದಾ?”

ಎಡ ಹಿಮ್ಮಡಿಯಲ್ಲಿ ಒಂದು ಮೊಳೆ ಬಿದ್ದುಹೋದ ಆ ಶೂವಿನ ಗುರುತು ಊರಿಗೆಲ್ಲ ಗೊತ್ತು. ನೆತ್ತಿಯಿಂದ ಜೌಗಿನ ಅಂಚಿನವರೆಗೆ ಅಚ್ಚುಕಟ್ಟಾಗಿ ಸುಳ್ಳು ಹೆಜ್ಜೆ ಊರಿ ಬಂದ. ಕ್ಲೆಮ್ ಅದನ್ನು ಹಿಡಿದು ಹೋಗಿ ಸೊಂಟದವರೆಗೆ ಇಳಿಯಲಿ!

ಬೆಳಿಗ್ಗೆ ಅಮೋಸನ ಕಾಲಲ್ಲಿ ಹೊಸ ಶೂ.

“ಏನಯ್ಯಾ ಅಮೋಸ್, ಹೊಸ ಶೂ! ಯಾರಾದ್ರೂ ಸತ್ರಾ?” ಎಂದ ಕ್ಲೆಮ್, ಕಣ್ಣು ಕಿರಿದು ಮಾಡಿ.

“ನೀನಿನ್ನೂ ಬದುಕಿದ್ದೀಯಲ್ಲ.”

ಪಕ್ಕದಲ್ಲಿ ಹಿಲ್ಡಾ ಎದೆಗೆ ನಂಬರ್ ಚುಚ್ಚಿಕೊಳ್ಳುತ್ತಿದ್ದಳು.

“ನೀನ್ಯಾಕೆ?” ಎಂದು ಅಮೋಸ್ ಬೆಚ್ಚಿದ.

“ನಿನ್ನ ಮೇಲೆ ಒಂದು ಕಣ್ಣಿರಲಿ ಅಂತ.”

ಕಲ್ಲುಗುಪ್ಪೆ ಮುಟ್ಟುವಷ್ಟರಲ್ಲಿ ಮಂಜು ಇಳಿಯಿತು. ತನ್ನ ಮೂಗು ಇದೆಯೋ ಇಲ್ಲವೋ ಎಂದು ಅಮೋಸ್ ಮುಟ್ಟಿ ನೋಡಿಕೊಳ್ಳಬೇಕಾಯಿತು. ದಿಕ್ಕು ತಪ್ಪಿ ತಡಕಾಡುತ್ತಿದ್ದಾಗ ಕಾಲಬಳಿ ಹೆಜ್ಜೆ ಗುರುತು ಕಂಡಿತು. ಬಗ್ಗಿ ನೋಡಿದ. ತನ್ನದೇ ಹಳೆಯ ಶೂವಿನ ಅಚ್ಚು! ಕ್ಲೆಮ್ ನನ್ನಂಥದೇ ಶೂ ಕೊಂಡು ಮುಂದೆ ಹೋಗಿಬಿಟ್ಟಿದ್ದಾನೆ! ನನ್ನ ದಾರಿಯನ್ನೂ ಕದ್ದಿದ್ದಾನೆ! ಎಡ ಹಿಮ್ಮಡಿಯ ಮೊಳೆಯನ್ನೂ ಕಿತ್ತಿದ್ದಾನಲ್ಲ, ಎಂಥ ಕಳ್ಳ!

ಸಿಟ್ಟಿನಿಂದ ಆ ಹೆಜ್ಜೆಗಳನ್ನೇ ಹಿಡಿದು ಬಾಣದಂತೆ ಓಡಿದ. ಹೆಜ್ಜೆಗಳು ಮುಗಿದ ಕಡೆ ಅಮೋಸ್ ನಿಲ್ಲಲಿಲ್ಲ. ಸೊಂಟದವರೆಗೆ ಕರಿ ಕೆಸರಿಗೆ ಇಳಿದ. ಅಷ್ಟು ಹೊತ್ತಿಗೆ ನಿನ್ನೆಯ ಸಂಜೆ ನೆನಪಾಯಿತು.

ಆಪತ್ತಿಗೆಂದು ಓಟಗಾರರಿಗೆಲ್ಲ ಕೊಟ್ಟ ಸೀಟಿ ಕೊರಳಲ್ಲಿತ್ತು. ಊದಿದರೆ ಕ್ಲೆಮ್‌ಗೆ ತಿಳಿದುಬಿಡುತ್ತದೆಂದು ಊದಲಿಲ್ಲ. ಆದರೆ ಕ್ಲೆಮ್ ಹೊಸ ಶೂ ಕಂಡಾಗಲೇ ಸಂಶಯಪಟ್ಟು, ನೆಲದ ಗುರುತು ಬಿಟ್ಟು ಅಮೋಸನ ಬೆನ್ನನ್ನೇ ಹಿಂಬಾಲಿಸಿ ಜೌಗಿನ ಅಂಚಿಗೆ ಬಂದು ನಿಂತಿದ್ದ.

“ಕೈ ಕೊಡೋ!” ಎಂದ ಅಮೋಸ್.

“ಕೊಡಲ್ಲ. ನಾಟಕ ನಂಗೊತ್ತು. ನಾನು ಆ ಕಡೆ ತಿರುಗಿದ್ರೆ ನೀನು ಎದ್ದು ಓಡ್ತೀಯ.”

“ಮುಳುಗ್ತಿದ್ದೀನಿ ಕಣೋ!”

“ನಿಮ್ಮಪ್ಪನ ಗುಟ್ಟಿನ ದಾರಿ ಇದರೊಳಗಿಂದ್ಲೇ ಇರ್ಬೇಕು.” ಕ್ಲೆಮ್ ಆರಾಮಾಗಿ ಕಲ್ಲಿನ ಮೇಲೆ ಕೂತ. ಕೆಸರು ಕಂಕುಳಿಗೆ ಬಂದ ಮೇಲಷ್ಟೇ ಅವನಿಗೆ ನಂಬಿಕೆ ಬಂತು. ಕೋಟು ಬಿಚ್ಚಿ, ಅದರ ಒಂದು ತೋಳನ್ನು ಅಮೋಸನತ್ತ ಎಸೆದು, ಹಲ್ಲು ಕಚ್ಚಿ ಎಳೆದ. ಅಮೋಸ್ ಬಂದ, ಹೊಸ ಶೂಗಳು ಅಲ್ಲೇ ಉಳಿದವು.

ಇಬ್ಬರೂ ಒಬ್ಬರನ್ನೊಬ್ಬರು ಮುಂದೆ ಬಿಡದೆ, ತೋಳಿಗೆ ತೋಳು ತಾಗಿಸಿಕೊಂಡು ಪಬ್ ಮುಟ್ಟಿದಾಗ ಹಿಲ್ಡಾ ಬಿಸಿ ಪೈ, ಬಟಾಣಿ ತಿನ್ನುತ್ತಿದ್ದಳು. ಕುರ್ಚಿಗೆ ಕೊಂಬಿನ ಕೋಲು ಒರಗಿತ್ತು.

“ದಾರಿ ಯಾರು ಹೇಳಿದ್ರು?” ಎಂದು ಅಮೋಸ್ ಗುಡುಗಿದ.

“ನೆತ್ತಿವರೆಗೂ ಗೋಡೆ ಹಿಡ್ಕೊಂಡು ಹೋಗಿ, ಗೋಡೆ ಹಿಡ್ಕೊಂಡೇ ಬಂದೆ. ನೀನೇ ಕಟ್ಟಿದ್ದಲ್ವಾ? ಮಂಜಲ್ಲೂ ಕೈಗೆ ಸಿಗತ್ತೆ.”

ಅಮೋಸ್ ಕೋಲನ್ನು ತಿರುಗಿಸಿ, ಮೂಸಿ, ಅಸಲಿಯೇ ಎಂದು ಖಾತ್ರಿ ಮಾಡಿಕೊಂಡ. ಬಳಿಕ ಮೆಲ್ಲಗೆ, “ಇನ್ನೆರಡು ಸಲ ಗೆದ್ರೆ ಕೋಲು ನಮ್ಮದೇ ಆಗತ್ತೆ, ಹಿಲ್ಡಾ,” ಎಂದ.

“ನಮ್ಮದಾ?” ಹಿಲ್ಡಾ ಚಮಚ ಕೆಳಗಿಟ್ಟು, ಕೋಲನ್ನು ಇನ್ನೊಂದು ಮಗ್ಗುಲಿಗೆ ಸರಿಸಿಕೊಂಡು, ಮದುವೆಯಾದಾಗಿನಿಂದ ಮೊದಲ ಸಲ ಗಂಡನಷ್ಟೇ ಅನುಮಾನದಿಂದ ಅವನನ್ನು ನೋಡಿದಳು.