ಕೇಳದೆ ಬಿಟ್ಟ ಮಾತು

ಮಿರಜಿನ ಆ ದವಾಖಾನೆಯ ಐಸಿಯು ಹೊರಗೆ ಒಂದು ಉದ್ದನೆಯ ಬೆಂಚಿದೆ. ದಿನಾ ಸಂಜೆಗೆ ಮೊದಲು ನೀಲಾ ಸಿಸ್ಟರ್ ಅಲ್ಲಿಗೆ ಬಂದು ಕುಳಿತವರನ್ನೆಲ್ಲ "ಊಟ ಆತೇನ್ರಿ?" ಎಂದು ಕೇಳುತ್ತಾರೆ. ಮರಾಠಿಯವರಿಗೆ ಮರಾಠಿಯಲ್ಲಿ, ಅಥಣಿ ಜಮಖಂಡಿ ಕಡೆಯವರಿಗೆ ಕನ್ನಡದಲ್ಲಿ. ಯಾರನ್ನೂ ಬಿಡುವುದಿಲ್ಲ. ನಾಳೆ ಮನೆಗೆ ಹೊರಡುವ ರೋಗಿಯ ತಮ್ಮನನ್ನೂ ಕೇಳುತ್ತಾರೆ, ಬಾಗಿಲು ಕಾಯುವವನನ್ನೂ ಕೇಳುತ್ತಾರೆ. ಹೊಸ ನರ್ಸುಗಳು ಬೆನ್ನ ಹಿಂದೆ ನಗುತ್ತಾರೆ. ನಗಲಿ ಬಿಡಿ. ಎರಡು ವರ್ಷದ ಹಿಂದಿನವರೆಗೂ ಸಿಸ್ಟರ್ ಕೆಲವರನ್ನು ಮಾತ್ರ ಕೇಳುತ್ತಿದ್ದರು. ಅದರಿಂದ ಏನಾಯಿತೆಂದು ಈ ಹುಡುಗಿಯರಿಗೇನು ಗೊತ್ತು!

ಅವರ ಪೂರ್ತಿ ಹೆಸರು ನೀಲಗಂಗವ್ವ. ಮಿರಜಿನ ಪೇಟೆಯಲ್ಲಿ ಮಸಾಲೆ ಅಂಗಡಿ ಇಟ್ಟಿದ್ದ ಬಸಲಿಂಗಪ್ಪನ ಹಿರಿಯ ಮಗಳು. ಅಷ್ಟುದ್ದದ ಹೆಸರು ಕರೆಯುವಷ್ಟರಲ್ಲಿ ರೋಗಿಯ ಜೀವ ಹೋದೀತು ಎಂದು ಹಳೆಯ ಮೇಟ್ರನ್ ಅದನ್ನು ನೀಲಾ ಮಾಡಿಬಿಟ್ಟರು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಡಾಕ್ಟರುಗಳೂ ಅವರ ಎದುರು ಸ್ವಲ್ಪ ತಗ್ಗಿಯೇ ಮಾತಾಡುತ್ತಿದ್ದರು.

ನೀಲಾ ನರ್ಸಿಂಗ್ ಕಲಿಯುತ್ತಿದ್ದಾಗಲೇ ಅಪ್ಪ ದವಾಖಾನೆಯಲ್ಲಿ ತೀರಿಕೊಂಡಿದ್ದ. ಹಿಂದಿನ ದಿನದಿಂದ ಉಪವಾಸ ಕೂತಿದ್ದ ಅವ್ವನಿಗೆ ಬೆಳಿಗ್ಗೆ ಸುದ್ದಿ ಹೇಳಿದರು. ಮಣ್ಣಾಗುವವರೆಗೆ ಆ ಮನೆಯಲ್ಲಿ ಒಲೆ ಹಚ್ಚುವುದುಂಟೆ? ದೂರದ ನೆಂಟರು ಬಂದು ಮುಟ್ಟುವಷ್ಟರಲ್ಲಿ ಸಂಜೆಯಾಯಿತು. ಅವ್ವ ಗುಂಡಿಯ ಅಂಚಿನಲ್ಲೇ ಕಣ್ಣು ಕತ್ತಲೆ ಬಂದು ಬಿದ್ದಳು. ಅಪ್ಪನ ಮಣ್ಣಿನ ದಿನವೇ ಅವ್ವನಿಗೆ ಸಲೈನು ಹಚ್ಚಬೇಕಾಯಿತು. ಅಂದಿನಿಂದ ನೀಲಾ ಒಂದು ನೇಮ ಹಿಡಿದರು. ರೋಗಿ ಉಳಿಯುವುದಿಲ್ಲವೆಂದು ತಮಗೆ ಖಾತ್ರಿಯಾದ ಕೂಡಲೇ ಹೊರಗೆ ಬಂದು ಅವರ ಮನೆಯವರಿಗೆ ನಾಲ್ಕು ತುತ್ತು ಉಣ್ಣಿಸುವುದು. ಬರುವ ಕೆಟ್ಟ ಸುದ್ದಿ ಬಂದೇ ಬರುತ್ತದೆ, ಖಾಲಿ ಹೊಟ್ಟೆಯ ಮೇಲೆ ಬರಬಾರದು ಎಂಬುದು ಅವರ ಲೆಕ್ಕ. ಒಳ್ಳೆಯ ನೇಮವೇ. ಆದರೆ ಬೆಂಚಿನ ಮೇಲೆ ಕುಳಿತವರಿಗೂ ಕಣ್ಣಿರುತ್ತದೆ ಎಂಬುದನ್ನು ಅವರು ಮರೆತಿದ್ದರು.

ಒಂದು ದಿನ ಅಥಣಿ ಕಡೆಯ ಹಣಮವ್ವ ಎಂಬ ಮುದುಕಿಯನ್ನು ಸುಮ್ಮನೆ ಹೋಗುತ್ತಾ ಊಟದ ಮಾತು ಕೇಳಿದರು. ಮುದುಕಿಯ ಸೊಸೆ ಹೆರಿಗೆಯಾದ ಮೇಲೆ ಐಸಿಯು ಸೇರಿ ಈಗ ಸುಧಾರಿಸಿದ್ದಳು. ಹಣಮವ್ವ ಎದ್ದುನಿಂತು ಎರಡೂ ಕೈ ಮುಗಿದು ಅಳತೊಡಗಿದಳು.

"ಬ್ಯಾಡ್ರೀ ಸಿಸ್ಟರ್, ನಮ್ಮನ್ನ ಕೇಳಬ್ಯಾಡ್ರಿ! ನೀವು ಊಟಾ ಕೇಳಿದ್ರ ಆ ಮನ್ಯಾಗ ಹೆಣಾ ಬೀಳತೈತಿ ಅಂತ ಇಲ್ಲಿ ಎಲ್ಲಾರೂ ಅಂತಾರ್ರಿ."

"ಹುಚ್ಚಿ, ನಿನ್ನ ಸೊಸಿ ನಾಳೆ ವಾರ್ಡಿಗೆ ಬರ್ತಾಳ!" ಎಂದರು ಸಿಸ್ಟರ್. ಆದರೆ ಎದೆಯಲ್ಲಿ ಮುಳ್ಳು ಮುರಿದಂತಾಯಿತು. ಮೂವತ್ತು ವರ್ಷ ಊಟ ಆಯಿತೇ ಎಂದು ಕೇಳಿದ ಬಾಯಿಯನ್ನು ಈ ಜನ ಅಪಶಕುನದ ಹಕ್ಕಿಯ ಬಾಯಿ ಮಾಡಿಬಿಟ್ಟಿದ್ದರು. ಇನ್ನು ಮೇಲೆ ಸತ್ತರೂ ಯಾರನ್ನೂ ಕೇಳಬಾರದು ಎಂದು ಸಿಟ್ಟಿನಿಂದ ಆಣೆ ಮಾಡಿಕೊಂಡರು.

ಪಕ್ಕದಲ್ಲೇ ಕುಳಿತು ಇದನ್ನೆಲ್ಲ ಕೇಳಿಸಿಕೊಂಡವರು ಸಮಡೋಳಿಯ ಛಾಯಾಬಾಯಿ. ಅವರ ಗಂಡ ನೇಮಿನಾಥ ಅರಿಷಿಣ ಬೆಳೆಯುವ ರೈತರು. ಎಂಟು ದಿನದಿಂದ ವೆಂಟಿಲೇಟರ್ ಮೇಲಿದ್ದರು. ಜೈನರ ನೇಮದಂತೆ ಛಾಯಾಬಾಯಿ ಹೊತ್ತು ಮುಳುಗಿದ ಮೇಲೆ ಏನನ್ನೂ ಮುಟ್ಟುತ್ತಿರಲಿಲ್ಲ. ಹಗಲಿನಲ್ಲೂ ಎರಡು ಬಾಳೆಹಣ್ಣಿನ ಮೇಲೆಯೇ ದಿನ ತೆಗೆಯುತ್ತಿದ್ದರು. ಬಂದ ಮೂರನೆಯ ದಿನವೇ ಸಿಸ್ಟರ ಕೈ ಹಿಡಿದು ಒಂದು ಮಾತು ಕೇಳಿದ್ದರು.

"ಹೋಗೂದು ಉಳಿಯೂದು ನಮ್ಮ ಕೈಯಾಗಿಲ್ಲರಿ. ಆದ್ರ ಹೋಗೂ ಹೊತ್ತು ಬಂದ್ರ ನನ್ನ ಒಳಗ ಕರೀರಿ. ಅವರ ಕಿವಿಯಾಗ ಣಮೋಕಾರ ಮಂತ್ರ ಹೇಳಬೇಕು. ಅದೊಂದು ತಪ್ಪಬಾರದು."

"ಕರೀತೀನ್ರೀ ಅಕ್ಕಾರ, ಮಾತು ಕೊಟ್ಟೇನಿ" ಎಂದಿದ್ದರು ನೀಲಾ.

ಒಂಬತ್ತನೆಯ ದಿನ ಬೆಳಿಗ್ಗೆ ನೇಮಿನಾಥರ ಮೂತ್ರದ ಚೀಲ ಖಾಲಿಯಿತ್ತು. ಬಿಪಿ ಬೀಳದಂತೆ ಹಿಡಿಯುವ ಔಷಧವನ್ನು ಎರಡು ಸಲ ಏರಿಸಿಯಾಗಿತ್ತು. ಡಾಕ್ಟರು ಹೊರಗೆ ಬಂದು ಛಾಯಾಬಾಯಿಗೆ ಮರಾಠಿಯಲ್ಲಿ, ನೋಡೋಣ, ಇನ್ನೊಂದು ಇಪ್ಪತ್ನಾಲ್ಕು ತಾಸು, ಎಂದು ಹೇಳಿ ಹೋದರು. ಎಂಟು ದಿನದಿಂದಲೂ ಅವರು ಅದನ್ನೇ ಹೇಳಿದ್ದರು. ಮುಂಚಿನ ನೀಲಾ ಆಗಿದ್ದರೆ ಆಗಲೇ ಬೆಂಚಿನ ಹತ್ತಿರ ಹೋಗುತ್ತಿದ್ದರು. ಅಂದು ಮುಖ ತಿರುಗಿಸಿಕೊಂಡು ಔಷಧದ ತಟ್ಟೆ ಹಿಡಿದು ಎರಡು ಸಲ ಮುಂದೆ ಹಾದುಹೋದರು.

ಮಧ್ಯಾಹ್ನ ಛಾಯಾಬಾಯಿಯೇ ಎದ್ದು ಬಂದರು. ಒಂಬತ್ತು ದಿನದಲ್ಲಿ ಮೊದಲ ಸಲ ಆ ಮುಖದಲ್ಲಿ ಸ್ವಲ್ಪ ಕಳೆ ಇತ್ತು.

"ಸಿಸ್ಟರ್, ಊರಿಗಿ ಹೋಗಿ ಬರ್ತೀನ್ರಿ. ಮಗಳು ಮನಿಗಿ ಬಂದಾಳ. ಜಳಕಾ ಮಾಡಿ, ಬಸದಿಗಿ ಹೋಗಿ, ಎರಡ ತುತ್ತು ಉಂಡು ಹೊತ್ತು ಮುಳುಗೂದ್ರಾಗ ಬಂದಬಿಡ್ತೀನಿ. ಇವತ್ತ ಯಾಕೋ ಮನಸು ಹಗರ ಆಗೇತಿ."

ಹೋಗಬ್ಯಾಡ್ರಿ ಎಂಬ ಮಾತು ನೀಲಾ ಅವರ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಅಂದುಬಿಟ್ಟರೆ ಆ ಮುಖ ಅಲ್ಲೇ ಕುಸಿಯುತ್ತಿತ್ತು. ಹಣಮವ್ವನ ಮುಗಿದ ಕೈಗಳೂ ಕಣ್ಣ ಮುಂದೆ ಬಂದವು. ನಾಳೆಯವರೆಗೆ ಹೇಗೂ ಎಳೆಯುತ್ತದೆ ಎಂದು ತಮಗೆ ತಾವೇ ಸುಳ್ಳು ಹೇಳಿಕೊಂಡರು.

"ಜಲ್ದಿ ಬರ್ರಿ" ಎಂದಷ್ಟೇ ಹೇಳಿದರು.

ನಾಲ್ಕೂವರೆಗೆ ನೇಮಿನಾಥರ ಬಿಪಿ ಇಳಿಯತೊಡಗಿತು. ನೀಲಾ ಫೈಲಿನಲ್ಲಿದ್ದ ನಂಬರಿಗೆ ಫೋನು ಹಚ್ಚಿದರು. ಎತ್ತಿದವಳು ಮಗಳು ಮೃಣಾಲ.

"ಆಯಿ ಬಸ್ ಹತ್ತಿ ಆಗಳೇ ಅರ್ಧಾ ತಾಸ ಆತ್ರಿ. ಫೋನ್ ಇಲ್ಲೇ ಚಾರ್ಜಿಗಿ ಬಿಟ್ಟ ಹೋಗ್ಯಾಳ. ಯಾಕ್ರಿ?"

ಡಾಕ್ಟರು ಎದೆ ಒತ್ತಿದರು, ಇಂಜೆಕ್ಷನ್ ಕೊಟ್ಟರು, ಕೊನೆಗೆ ಕೈಬಿಟ್ಟರು. ಮಾನಿಟರಿನ ಪರದೆಯ ಮೇಲೆ ಗೆರೆ ಇನ್ನೂ ಅಲ್ಲೊಮ್ಮೆ ಇಲ್ಲೊಮ್ಮೆ ಮಿಡಿಯುತ್ತಿತ್ತು. ನೀಲಾ ಬಗ್ಗಿ ನೇಮಿನಾಥರ ಕಿವಿಗೆ ಬಾಯಿ ಹಚ್ಚಿದರು. ಚಿಕ್ಕಂದಿನಲ್ಲಿ ಪಕ್ಕದ ಜೈನರ ಮನೆಯ ಅಂಗಳದಲ್ಲಿ ಆಡಿ ಬೆಳೆದವರು, ಆ ಮಂತ್ರ ಸಂಜೆಸಂಜೆ ಕಿವಿಗೆ ಬಿದ್ದದ್ದೇ. ಮೊದಲನೆಯ ಸಾಲು ಬಂತು, ಎರಡನೆಯದೂ ಬಂತು. ಮೂರನೆಯದು ಏನು ಮಾಡಿದರೂ ಬರಲಿಲ್ಲ. ಗೆರೆ ಚಪ್ಪಟೆಯಾಗುವವರೆಗೆ ಆ ಎರಡನ್ನೇ ಹೇಳಿದರು.

ಛಾಯಾಬಾಯಿ ಐದೂವರೆಗೆ ಮೆಟ್ಟಿಲು ಹತ್ತಿ ಬಂದರು. ಒಗೆದ ಸೀರೆ, ಎಣ್ಣೆ ಹಚ್ಚಿ ಬಾಚಿದ ತಲೆ. ಬಾಗಿಲಲ್ಲಿ ನಿಂತ ಸಿಸ್ಟರನ್ನು ಕಂಡು ಅವರ ನಡಿಗೆ ನಿಧಾನವಾಯಿತು.

"ಹೋಗಿಬಿಟ್ರ್ಯಾ?"

ನೀಲಾ ಹೌದೆಂದು ತಲೆ ಆಡಿಸಿದರು. ಛಾಯಾಬಾಯಿ ಗೋಡೆ ಹಿಡಿದು ನಿಂತರು.

"ನೀವು ಕೇಳಲಿಲ್ಲಲ್ಲರೀ" ಎಂದರು. "ಸಿಸ್ಟರ್ ಊಟಾ ಕೇಳಲಿಲ್ಲ, ಅಂದ್ರ ಇವತ್ತ ಏನೂ ಆಗೂದಿಲ್ಲಂತ ಹೋದೆ."

ಅವರು ಬೈದಿದ್ದರೆ ನೀಲಾ ಬೈಸಿಕೊಳ್ಳುತ್ತಿದ್ದರು. ಹೊಡೆದಿದ್ದರೂ ಸರಿಯೇ ಇತ್ತು.

"ತಪ್ಪಾತ್ರೀ ಅಕ್ಕಾರ. ನನಗ ಮುಂಜಾನೇನ ಗೊತ್ತಿತ್ತು. ಬಾಯಿ ಬರಲಿಲ್ಲ."

"ಕಿವಿಯಾಗ ಯಾರರೆ ಹೇಳಿದ್ರೇನು?"

"ನಾ ಹೇಳಿದೆ. ಎರಡ ಸಾಲು. ಮುಂದಿಂದು ನೆನಪಾಗಲಿಲ್ಲರಿ."

ಛಾಯಾಬಾಯಿ ಕಣ್ಣೊರೆಸಿಕೊಂಡು ಒಳಗೆ ನಡೆದರು. ಹಾಸಿಗೆಯ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕುಳಿತು, ತಣ್ಣಗಾಗುತ್ತಿದ್ದ ಆ ಕಿವಿಯ ಹತ್ತಿರ ಬಗ್ಗಿದರು. ನೀಲಾ ಹಾಸಿಗೆಯ ಕಂಬಿ ಹಿಡಿದು, ಮೂವತ್ತು ವರ್ಷದಲ್ಲಿ ರೋಗಿಯ ಮನೆಯವರ ಎದುರು ಒಮ್ಮೆಯೂ ಅಳದವರು, ಬಿಕ್ಕಿಬಿಕ್ಕಿ ಅತ್ತರು. ಛಾಯಾಬಾಯಿ ಗಂಡನ ಕಿವಿಯಲ್ಲಿ ಮೂರನೆಯ ಸಾಲಿನಿಂದ ಹೇಳತೊಡಗಿದರು.