ಪೇಪರ್‌ಕ್ಲಿಪ್ ತಡೆದ ಜಾಗ

ತೊಂಬತ್ತರ ದಶಕದಲ್ಲಿ ಅಮೆರಿಕದ ಕ್ಯಾರಿ ಊರಿನಲ್ಲಿ ನಮ್ಮ ಪಕ್ಕದ ಮನೆಯ ಡಾಕ್ಟರ್ ಅಂಕಲ್, ಒಮ್ಮೆ ಹಾರಿಸಿ ಖಾಲಿಯಾದ ರೈಫಲ್ ತೋಟಾಗಳ ಹಿತ್ತಾಳೆ ಕೊಳವೆಗಳಿಗೆ ಮತ್ತೆ ಮದ್ದು ತುಂಬುವ ಮುನ್ನ ಒಂದೊಂದನ್ನೂ ಪರೀಕ್ಷಿಸಿ ವಿಂಗಡಿಸುತ್ತಿದ್ದರು. ತುದಿ ಬಗ್ಗಿಸಿದ ಪೇಪರ್‌ಕ್ಲಿಪ್ಪನ್ನು ಒಳಗಿಳಿಸಿ, ಒಳಗೋಡೆ ಎಲ್ಲಾದರೂ ಸವೆದಿದೆಯೇ ಎಂದು ಕಣ್ಣು ಮುಚ್ಚಿ ತಡವುತ್ತಿದ್ದರು. “ಹೊರಗಿಂದ ಎಲ್ಲಾ ಪೇಷಂಟ್ಸೂ ಚೆನ್ನಾಗೇ ಕಾಣ್ತಾರೆ ಕಣಯ್ಯ,” ಎನ್ನುತ್ತಿದ್ದರು.

ಒಂದು ಶನಿವಾರ ಆ ಕೆಲಸವನ್ನು ನನಗೆ ಒಪ್ಪಿಸಿದರು. ನಾನು ಕ್ಲಿಪ್ ಇಳಿಸದೆ ಹೊರಗಿನ ಹೊಳಪು ನೋಡಿಯೇ ಡಬ್ಬಿ ತುಂಬಿಸಿ, “ಎಲ್ಲಾ ಚೆಕ್ ಮಾಡ್ದೆ ಅಂಕಲ್,” ಎಂದೆ. ಮರುದಿನ ಶೂಟಿಂಗ್ ರೇಂಜಿನಲ್ಲಿ ಅವುಗಳನ್ನು ಹಾರಿಸಬೇಕಾದವನೂ ನಾನೇ.

ಅವರು ಕ್ಲಿಪ್ ತೆಗೆದುಕೊಂಡು ಮೊದಲಿನಿಂದ ಶುರು ಮಾಡಿದರು. ಒಂದರಲ್ಲಿ ಕ್ಲಿಪ್ ತಡೆಯಿತು.

“ನೀನೇ ಫೀಲ್ ಮಾಡು.”

ತಳದ ಹತ್ತಿರ ಒಳಗೋಡೆಯಲ್ಲಿ ಕೂದಲೆಳೆಯಷ್ಟು ಸಣ್ಣ ತಗ್ಗು ಇತ್ತು.

“ಫೈರ್ ಮಾಡಿದ್ರೆ ಇಲ್ಲೇ ಬಾಯ್ಬಿಡುತ್ತೆ. ಬಿಸಿ ಗ್ಯಾಸ್ ಕಣ್ಣಿಗೇ ಬರುತ್ತೆ.”

ಅವರು ಬೈಯಲಿಲ್ಲ. ಮತ್ತೆ ಯಾರೂ ಮದ್ದು ತುಂಬದಂತೆ ಇಕ್ಕಳದಿಂದ ಅದರ ಬಾಯಿ ಅಮುಕಿ ನನ್ನ ಅಂಗೈಯಲ್ಲಿಟ್ಟರು. ಅದು ಈಗಲೂ ನನ್ನ ಮೇಜಿನ ಮೇಲಿದೆ. ದಿನವೂ ಅದನ್ನು ಎರಡೂ ಕಣ್ಣುಗಳಿಂದ ನೋಡುತ್ತೇನೆ.